ಚುಕ್ಕೆ ಇಲ್ಲದ ಹಳ್ಳಿ



ಇಂಗ್ಲೆಂಡಿನಲ್ಲಿ ಮನೆ ಹುಡುಕುವ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಸ್ಕೂಲ್ ಹೇಗಿದೆ? ಸ್ಟೇಷನ್ ಎಷ್ಟು ದೂರ? ಕರಿಬೇವು ಸಿಗುತ್ತಾ? ಆಮೇಲೆ, ಸ್ವಲ್ಪ ದನಿ ತಗ್ಗಿಸಿ, "ಏರಿಯಾ ಸೇಫಾ?" ಊರಿಂದ ಫೋನ್ ಮಾಡುವ ದೊಡ್ಡವರು ಈ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳ್ತಾರೆ. ನಾವು ಬರ್ಮಿಂಗ್‌ಹ್ಯಾಮ್ ಬಿಟ್ಟು ಹಳ್ಳಿಗೆ ಹೋಗ್ತೀವಿ ಅಂದಾಗ ಅಪ್ಪ ಕೇಳಿದ್ದೂ ಅದನ್ನೇ. "ಅಷ್ಟು ದೂರ ದೂರ ಮನೆ ಇರೋ ಕಡೆ ಕಳ್ಳಕಾಕರ ಭಯ ಇಲ್ವೇನಮ್ಮ?"

ಇಲ್ಲಪ್ಪ, ಅಂದಿದ್ದೆ. ಆರು ವರ್ಷ ಆದಮೇಲೂ ಆ ಉತ್ತರ ಸರಿಯಾಗೇ ಇದೆ. ಆದರೆ ಸುರಕ್ಷತೆ ಅನ್ನೋ ಮಾತಿಗೆ ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯಿಂದ ಬಂತು. ಈ ಬರಹ ಅದರ ಬಗ್ಗೆ.

ನಮ್ಮ ಹಳ್ಳಿ ಶ್ರಾಪ್‌ಶೈರ್‌ನಲ್ಲಿದೆ, ವೇಲ್ಸ್ ಗಡಿಯ ಕಡೆಗೆ. ಲಡ್ಲೋ ಪಟ್ಟಣಕ್ಕೆ ಕಾರಿನಲ್ಲಿ ಕಾಲು ಗಂಟೆ. ಹೆಸರು ಹೇಳೋದಿಲ್ಲ, ಯಾಕೆ ಅಂತ ಮುಂದೆ ನಿಮಗೇ ತಿಳಿಯುತ್ತೆ. ಆರುನೂರು ಚಿಲ್ಲರೆ ಜನ, ಒಂದು ಚರ್ಚು, ಒಂದು ಪಬ್ಬು, ಒಂದು ವಿಲೇಜ್ ಹಾಲ್, ದಿನಕ್ಕೆ ಮೂರು ಸಲ ಬರುವ ಬಸ್ಸು. ರಸ್ತೆ ಬದಿಯ ಒಂದು ಗೇಟಿನ ಹತ್ತಿರ ಕೋಳಿಮೊಟ್ಟೆಯ ಟ್ರೇಗಳು, ಪಕ್ಕದಲ್ಲಿ ತಗಡಿನ ಡಬ್ಬಿ. ಮೊಟ್ಟೆ ತಗೊಂಡು ಡಬ್ಬಿಯಲ್ಲಿ ದುಡ್ಡು ಹಾಕಿ ಹೋಗಬೇಕು. ಇದಕ್ಕೆ ಇಲ್ಲಿ ಆನೆಸ್ಟಿ ಬಾಕ್ಸ್ ಅಂತಾರೆ. ಕಾಯೋರು ಯಾರೂ ಇಲ್ಲ. ಚರ್ಚಿನ ಬಾಗಿಲು ಹಗಲೆಲ್ಲ ತೆರೆದೇ ಇರುತ್ತೆ. ಪಾರ್ಸೆಲ್ ಬಂದಾಗ ನಾವು ಮನೆಯಲ್ಲಿ ಇಲ್ಲದಿದ್ದರೆ ಡೆಲಿವರಿ ಹುಡುಗ ಅದನ್ನು ಸೌದೆ ಕೊಟ್ಟಿಗೆಯಲ್ಲಿಟ್ಟು ಹೋಗ್ತಾನೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಎರಡು ಸಲ ಸೈಕಲ್ ಕಳೆದುಕೊಂಡಿದ್ದ ನನ್ನ ಗಂಡ ಮೊದಲ ವರ್ಷವೆಲ್ಲ ಇಲ್ಲೂ ಎರಡೆರಡು ಬೀಗ ಹಾಕ್ತಿದ್ದರು. ಈಗ ಆ ಬೀಗಗಳ ಕೀ ಎಲ್ಲಿದೆ ಅಂತ ಅವರಿಗೇ ಗೊತ್ತಿಲ್ಲ.

ಒಂದು ಜಾಗ ಸೇಫಾ ಅಂತ ತಿಳಿಯೋದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಲಭ ಅಂತ ಅನಿಸುತ್ತೆ. 2011ರಿಂದ ಪೊಲೀಸರು ಬೀದಿ ಬೀದಿಯ ಅಪರಾಧದ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಪೊಲೀಸ್ ಡಾಟ್ ಯುಕೆ ಅಂತ ಹುಡುಕಿ, ಪೋಸ್ಟ್‌ಕೋಡ್ ಹಾಕಿ. ತಿಂಗಳು ತಿಂಗಳಿನ ಲೆಕ್ಕ ನಕ್ಷೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬರುತ್ತೆ. ಮನೆಗಳ್ಳತನ, ಕಾರಿನ ಕಳ್ಳತನ, ಅಂಗಡಿ ಕಳ್ಳತನ, ಹೊಡೆದಾಟ, ಮಾದಕ ವಸ್ತು, ಹೀಗೆ ಬೇರೆ ಬೇರೆ ವಿಭಾಗ. ಬರ್ಮಿಂಗ್‌ಹ್ಯಾಮ್‌ನ ನಮ್ಮ ಹಳೇ ಪೋಸ್ಟ್‌ಕೋಡ್ ಹಾಕಿದರೆ ಪರದೆ ತುಂಬಾ ಚುಕ್ಕೆ. ನಮ್ಮ ಹಳ್ಳಿಯದು ಹಾಕಿದರೆ ಹಸಿರು ಹೊಲದ ನಡುವೆ ಒಂದೋ ಎರಡೋ. ಎಷ್ಟೋ ತಿಂಗಳು ಅದೂ ಇಲ್ಲ.

ಮನೆ ಕೊಳ್ಳುವ ಯೋಚನೆಯಲ್ಲಿ ಇರುವವರು ಆ ನಕ್ಷೆಯನ್ನು ಓದುವ ಮುಂಚೆ ಎರಡು ವಿಷಯ ತಿಳಿದಿರಬೇಕು. ಒಂದು, ಚುಕ್ಕೆ ಇರುವ ಜಾಗದಲ್ಲೇ ಅಪರಾಧ ನಡೆದಿದೆ ಅಂತ ಅಲ್ಲ. ತೊಂದರೆಗೆ ಒಳಗಾದವರ ಗುರುತು ಸಿಗಬಾರದು ಅಂತ ಘಟನೆಯನ್ನು ಹತ್ತಿರದ ಒಂದು ಗೊತ್ತುಪಡಿಸಿದ ಬಿಂದುವಿಗೆ ಸೇರಿಸ್ತಾರೆ. ಮನೆಗಳಿರುವ ಕಡೆ ಅಂಥ ಒಂದೊಂದು ಬಿಂದುವಿನ ಸುತ್ತ ಕನಿಷ್ಠ ಎಂಟು ವಿಳಾಸಗಳಾದರೂ ಇರಬೇಕು ಅನ್ನೋದು ನಿಯಮ. "ನಾವು ನೋಡಿದ ಮನೆ ಮುಂದೇನೇ ಚುಕ್ಕೆ ಇದೆ" ಅಂತ ಗಾಬರಿ ಆಗೋದು ಬೇಡ. ಎರಡನೆಯದು, ಸಣ್ಣ ಊರಿನ ಲೆಕ್ಕ. ಆರುನೂರು ಜನರ ಊರಿನಲ್ಲಿ ವರ್ಷಕ್ಕೆ ಹನ್ನೆರಡು ಅಪರಾಧ ಅಂದ್ರೆ ಸಾವಿರಕ್ಕೆ ಇಪ್ಪತ್ತು. ಒಂದು ರಾತ್ರಿ ಯಾರೋ ಬಂದು ನಾಲ್ಕು ತೋಟದ ಶೆಡ್ ಒಡೆದು ಹೋದರೆ ಅದು ಇಪ್ಪತ್ತಾರು ದಾಟುತ್ತೆ. ಊರು ಮೂರನೇ ಒಂದು ಭಾಗ ಕೆಟ್ಟುಹೋಯ್ತು ಅಂತ ಅಂಕಿ ಹೇಳುತ್ತೆ. ಊರಲ್ಲಿ ಆಗಿರೋದು ಒಂದೇ ಒಂದು ಕೆಟ್ಟ ರಾತ್ರಿ.

ಇನ್ನು ಇಂಗ್ಲಿಷ್ ಹಳ್ಳಿ ಅಂದ ಕೂಡಲೇ ಕೊಲೆ ನೆನಪಾಗುವವರೂ ಇದ್ದಾರೆ. ತಪ್ಪು ಅವರದಲ್ಲ. 1930ರಲ್ಲಿ ಅಗಾಥಾ ಕ್ರಿಸ್ಟಿ ತಮ್ಮ ಮಿಸ್ ಮಾರ್ಪಲ್ ಎಂಬ ಅಜ್ಜಿಯನ್ನು ಸೇಂಟ್ ಮೇರಿ ಮೀಡ್ ಎಂಬ ಕಲ್ಪನೆಯ ಹಳ್ಳಿಯಲ್ಲಿ ಕೂರಿಸಿ ಕಾದಂಬರಿ ಬರೆದಾಗಿನಿಂದ ಪಾದ್ರಿಯ ಮನೆಯಲ್ಲಿ ಹೆಣ ಬೀಳೋದು ಒಂದು ಸಂಪ್ರದಾಯ ಆಗಿಬಿಟ್ಟಿದೆ. 1997ರಿಂದ ಟಿವಿಯಲ್ಲಿ ಬರ್ತಿರುವ ಮಿಡ್‌ಸಮರ್ ಮರ್ಡರ್ಸ್ ಅಂತೂ ಕೇಳಲೇಬೇಡಿ. ಹೂವಿನ ಪ್ರದರ್ಶನದಲ್ಲಿ ಕೊಲೆ, ಕ್ರಿಕೆಟ್ ಪಂದ್ಯದಲ್ಲಿ ಕೊಲೆ. ಅಪ್ಪ ಇಲ್ಲಿಗೆ ಬಂದಾಗ ನಾಲ್ಕು ಕಂತು ನೋಡಿ, "ಇಷ್ಟು ಜನ ಸತ್ತರೆ ಆ ಊರಲ್ಲಿ ತೆರಿಗೆ ಕಟ್ಟೋಕೆ ಯಾರು ಉಳೀತಾರೆ?" ಅಂದರು. ನಿಜವಾದ ಲೆಕ್ಕ ಬೇರೆ. ಆರು ಕೋಟಿ ಜನರಿರುವ ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಇತ್ತೀಚಿನ ವರ್ಷಗಳಲ್ಲಿ ಒಂದು ವರ್ಷಕ್ಕೆ ಆಗುವ ಕೊಲೆಗಳು ಸುಮಾರು ಆರುನೂರರ ಆಸುಪಾಸು. ಅದರಲ್ಲಿ ಬಹುಪಾಲು ಹಳ್ಳಿಗಳಲ್ಲಿ ಅಲ್ಲ.

ಹಾಗಾದರೆ ಹಳ್ಳಿಯಲ್ಲಿ ಅಪರಾಧ ಯಾಕೆ ಕಡಿಮೆ? ಹಳ್ಳಿಯವರೆಲ್ಲ ದೇವರಂಥವರು ಅಂತ ಅಲ್ಲ. ಅಂಗಡಿಯೇ ಇಲ್ಲದ ಕಡೆ ಅಂಗಡಿ ಕಳ್ಳತನ ಆಗೋದು ಹೇಗೆ? ರಾತ್ರಿ ಎರಡು ಗಂಟೆಗೆ ನೈಟ್‌ಕ್ಲಬ್‌ನಿಂದ ಹೊರಬೀಳುವವರೇ ಇಲ್ಲದಿದ್ದರೆ ಬೀದಿ ಜಗಳ ಎಲ್ಲಿಂದ ಬರಬೇಕು? ಇದು ಅರ್ಧ ಕಾರಣ. ಇನ್ನರ್ಧ, ಕಣ್ಣು. ಇಲ್ಲಿ ಯಾವ ಕಾರು ಯಾರದ್ದು, ಯಾವ ನಾಯಿ ಯಾರದ್ದು, ಯಾರ ಮನೆಗೆ ಯಾರು ಬಂದು ಹೋದರು ಅನ್ನೋದು ಎಲ್ಲರಿಗೂ ಗೊತ್ತು. ನಾವು ಬಂದ ಎರಡನೇ ವಾರ ಪಬ್ಬಿನ ಹತ್ತಿರ ಸಿಕ್ಕ ಒಬ್ಬರು, "ನಿಮ್ಮ ಹೊಸ ಫ್ರಿಜ್ ಬಾಗಿಲಲ್ಲಿ ಹಿಡಿಸ್ತಾ?" ಅಂತ ಕೇಳಿದರು. ಅವರು ಯಾರು ಅಂತ ನನಗೆ ಈಗಲೂ ಗೊತ್ತಿಲ್ಲ.

ಈ ಕಣ್ಣಿಗೆ ಇಲ್ಲಿ ದೊಡ್ಡ ಇತಿಹಾಸವೇ ಇದೆ. 1285ರಲ್ಲಿ, ಒಂದನೇ ಎಡ್ವರ್ಡ್ ರಾಜನ ಕಾಲದಲ್ಲಿ, ಸ್ಟ್ಯಾಚ್ಯೂಟ್ ಆಫ್ ವಿಂಚೆಸ್ಟರ್ ಅಂತ ಒಂದು ಶಾಸನ ಬಂತು. ಕಳ್ಳನನ್ನು ಕಂಡವರು ಕೂಗಬೇಕು, ಕೂಗು ಕೇಳಿದವರೆಲ್ಲ ಅಟ್ಟಿಸಿಕೊಂಡು ಹೋಗಬೇಕು. ಕಳ್ಳ ಸಿಗದೇ ಹೋದರೆ ಆ ಸೀಮೆಯ ಜನವೇ ಕಳೆದುಕೊಂಡವರಿಗೆ ನಷ್ಟ ಕಟ್ಟಿಕೊಡಬೇಕು. ಆಮೇಲೆ ಶತಮಾನಗಟ್ಟಲೆ ಹಳ್ಳಿಯವರಲ್ಲೇ ಒಬ್ಬರು ಸಂಬಳ ಇಲ್ಲದೆ ಕಾನ್‌ಸ್ಟೆಬಲ್ ಆಗಿರ್ತಿದ್ದರು. ಇದನ್ನು ಓದುವಾಗ ನನಗೆ ತಳವಾರ ನೆನಪಾದ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಈ ಪದ ಹೊಸದಿರಬಹುದು. ನಮ್ಮ ಕಡೆ ಹಳ್ಳಿಗಳಲ್ಲಿ ರಾತ್ರಿ ಗಸ್ತು ತಿರುಗಿ, ಹೊಸಬರು ಬಂದರೆ ವಿಚಾರಿಸಿ, ಶಾನುಭೋಗರಿಗೂ ಪಟೇಲರಿಗೂ ಸುದ್ದಿ ಮುಟ್ಟಿಸುತ್ತಿದ್ದವನು ತಳವಾರ. ವಂಶದಿಂದ ವಂಶಕ್ಕೆ ಬರುತ್ತಿದ್ದ ಇಂಥ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಕೆಲಸ ಹೋಯಿತು, ಮನೆತನದ ಹೆಸರಾಗಿ ಆ ಪದ ಉಳಿದುಕೊಂಡಿದೆ.

ಇಲ್ಲೂ ಹಾಗೇ ಆಗಿದೆ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿಗೆ ಸಂಬಳದ ಪೊಲೀಸರನ್ನು ತಂದರು. 1856ರ ಕಾಯ್ದೆ ಎಲ್ಲ ಕೌಂಟಿಗಳಿಗೂ ಅದನ್ನು ಕಡ್ಡಾಯ ಮಾಡಿತು. ಆಮೇಲೆ ಹಳ್ಳಿಯಲ್ಲೇ ಮನೆ ಮಾಡಿಕೊಂಡಿರುವ ಪೊಲೀಸಪ್ಪನ ಕಾಲ ಬಂತು, ಹೋಯಿತು. ನಮ್ಮ ಹಳ್ಳಿಯಲ್ಲಿ 'ದಿ ಓಲ್ಡ್ ಪೊಲೀಸ್ ಹೌಸ್' ಅನ್ನುವ ಚಂದದ ಇಟ್ಟಿಗೆ ಮನೆ ಇದೆ. ಅದರಲ್ಲೀಗ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು ಇರ್ತಾರೆ. ಪೊಲೀಸ್ ಸಮವಸ್ತ್ರ ಕಾಣಬೇಕಾದರೆ ತಿಂಗಳಿಗೊಮ್ಮೆ ಬರುವ ಪಿಸಿಎಸ್‌ಒ ಗತಿ. ಪಿಸಿಎಸ್‌ಒ ಅಂದ್ರೆ 2002ರ ಕಾನೂನಿನಲ್ಲಿ ಹುಟ್ಟಿದ ಸಮುದಾಯ ಸಹಾಯಕ ಅಧಿಕಾರಿ. ನಮ್ಮ ಪಿಸಿಎಸ್‌ಒ ತುಂಬಾ ಒಳ್ಳೇ ಹೆಣ್ಣುಮಗಳು, ಆದರೆ ಅವಳ ಪಾಲಿಗೆ ಇಂಥ ಹತ್ತಾರು ಹಳ್ಳಿ ಇವೆ.

ಅಂದ್ರೆ ಕಾಯುವ ಕೆಲಸ ಮತ್ತೆ ಅಕ್ಕಪಕ್ಕದವರ ಪಾಲಿಗೇ ಬಂದಿದೆ. ಕಿಟಕಿಗಳ ಮೇಲೆ ಅಂಟಿಸಿರುವ ನೈಬರ್‌ಹುಡ್ ವಾಚ್ ಸ್ಟಿಕ್ಕರ್ ನೀವೂ ನೋಡಿರ್ತೀರಿ. ಈ ದೇಶದಲ್ಲಿ ಅದು ಶುರುವಾಗಿದ್ದು ದೊಡ್ಡ ನಗರದಲ್ಲಿ ಅಲ್ಲ. 1982ರಲ್ಲಿ, ಚೆಷೈರ್‌ನ ಮಾಲಿಂಗ್ಟನ್ ಅನ್ನುವ ಒಂದು ಹಳ್ಳಿಯಲ್ಲಿ.

ಪೊಲೀಸರು ದೂರ ಇರೋದರ ಕಷ್ಟ ರೈತರಿಗೆ ಚೆನ್ನಾಗಿ ಗೊತ್ತು. ಕ್ವಾಡ್ ಬೈಕ್, ಟ್ರ್ಯಾಕ್ಟರಿನ ಜಿಪಿಎಸ್, ಡೀಸೆಲ್, ಕುರಿಮಂದೆ, ಎಲ್ಲದಕ್ಕೂ ಕಳ್ಳರಿದ್ದಾರೆ. ರೈತರ ವಿಮಾ ಸಂಸ್ಥೆ ಎನ್‌ಎಫ್‌ಯು ಮ್ಯೂಚುವಲ್‌ನ ಅಂದಾಜಿನ ಪ್ರಕಾರ 2023ರಲ್ಲಿ ಬ್ರಿಟನ್ನಿನ ಗ್ರಾಮೀಣ ಕಳ್ಳತನದ ನಷ್ಟ 5 ಕೋಟಿ 28 ಲಕ್ಷ ಪೌಂಡ್. ಮರುವರ್ಷ ಅದು 4 ಕೋಟಿ 41 ಲಕ್ಷಕ್ಕೆ ಇಳಿಯಿತು. ಇನ್ನು ಒಂಟಿತನದ ಜೊತೆ ಭಯ ಸೇರಿಕೊಂಡರೆ ಏನಾಗಬಹುದು ಅನ್ನೋದನ್ನು 1999ರಲ್ಲಿ ಈ ದೇಶವೆಲ್ಲ ನೋಡಿತು. ನಾರ್ಫೋಕ್‌ನ ಎಮ್ನೆತ್ ಹಂಗೇಟ್ ಎಂಬಲ್ಲಿ ಒಂಟಿಯಾಗಿದ್ದ ಟೋನಿ ಮಾರ್ಟಿನ್ ಎಂಬ ರೈತ ರಾತ್ರಿ ಮನೆಗೆ ನುಗ್ಗಿದವರ ಮೇಲೆ ಗುಂಡು ಹಾರಿಸಿದ. ಸತ್ತವನು ಹದಿನಾರು ವರ್ಷದ ಹುಡುಗ. 2000ದಲ್ಲಿ ಕೊಲೆ ಅಂತ ತೀರ್ಪಾಯಿತು, ಮರುವರ್ಷ ಮೇಲ್ಮನವಿಯಲ್ಲಿ ಅದು ಕಡಿಮೆ ದರ್ಜೆಯ ಅಪರಾಧಕ್ಕೆ ಇಳಿಯಿತು. ಇದಕ್ಕೆ ಮುಂಚೆಯೂ ಕಳ್ಳರು ನುಗ್ಗಿದ್ದರು, ಪೊಲೀಸರಿಂದ ಏನೂ ಆಗಲಿಲ್ಲ ಅನ್ನೋದು ಅವನ ದೂರಾಗಿತ್ತು. ಪಬ್ಬಿನಲ್ಲಿ ಆ ಮಾತು ಬಂದರೆ ಇವತ್ತಿಗೂ ಜನ ಎರಡು ಪಕ್ಷ ಆಗ್ತಾರೆ.

ಕಣ್ಣಿನ ವಿಷಯಕ್ಕೆ ಬರ್ತೀನಿ. ಕಾಯುವ ಕಣ್ಣು ನಮ್ಮನ್ನೂ ಕಾಯುತ್ತೆ, ನಮ್ಮನ್ನೂ ನೋಡುತ್ತೆ. ಹೋದ ಜೂನ್‌ನಲ್ಲಿ ಅಪ್ಪ ಮೈಸೂರಿನಿಂದ ಬಂದಿದ್ದರು. ಅಮ್ಮ ಹೋದಮೇಲೆ ದೇವರ ಪೂಜೆ ಅವರದೇ. ಮೈಸೂರಿನಲ್ಲಿ ಬೆಳಗಿನ ವಾಕಿಂಗ್ ಹೋಗುವ ಹಿರಿಯರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತೆ. ಕಾಂಪೌಂಡಿನಿಂದ ಆಚೆಗೆ ಬಾಗಿದ ದಾಸವಾಳ, ಕಣಗಿಲೆ, ನಂದಿಬಟ್ಟಲು ದೇವರಿಗೆ ಸೇರಿದ್ದು ಅಂತ ಅಲ್ಲಿ ಎಲ್ಲೂ ಬರೆಯದ ಒಂದು ಕಾನೂನು. ಮನೆಯವರು ಎದ್ದು ಬೈಯೋಷ್ಟರಲ್ಲಿ ಹೂವು ಬೇರೆಯವರ ದೇವರ ತಲೆ ಮೇಲೆ. ಅಪ್ಪ ಅದೇ ಅಭ್ಯಾಸವನ್ನು ಶ್ರಾಪ್‌ಶೈರ್‌ಗೂ ತಂದರು. ಇಲ್ಲಿ ಜೂನ್‌ನಲ್ಲಿ ಐದಕ್ಕೆ ಮುಂಚೆಯೇ ಬೆಳಕಾಗುತ್ತೆ. ಚಳಿ ಅಂತ ತಲೆಗೆ ಮಂಕಿ ಕ್ಯಾಪ್.

ಆ ದಿನ ಬೆಳಗ್ಗೆ ಆರಕ್ಕೆ ಹಳ್ಳಿಯ ವಾಟ್ಸಾಪ್ ಗುಂಪಿನಲ್ಲಿ ಹಿಂದಿನಿಂದ ತೆಗೆದ ಒಂದು ಫೋಟೋ. "ಮುಖ ಮುಚ್ಚಿಕೊಂಡಿರುವ ಗಂಡಸೊಬ್ಬ ತೋಟಗಳ ಒಳಗೆ ಇಣುಕುತ್ತಾ ಹೋಗುತ್ತಿದ್ದಾನೆ. ಯಾರಿಗಾದರೂ ಗೊತ್ತಾ?" ಕೆಳಗೆ ಇನ್ನೊಬ್ಬರು, "101ಕ್ಕೆ ಫೋನ್ ಮಾಡೋಣವಾ?" ನಾನು ನಿದ್ದೆಗಣ್ಣಿನಲ್ಲಿ ಉತ್ತರ ಬರೆಯುವ ಮುಂಚೆಯೇ ಪಕ್ಕದ ಮನೆಯವರ ಸಂದೇಶ ಬಂದಿತ್ತು. "ಅವರು ನನ್ನ ನೆರೆಮನೆಯ ಹುಡುಗಿಯ ತಂದೆ. ಪ್ರಾರ್ಥನೆಗೆ ಹೂವು ಬೇಕು. ನನ್ನ ಗುಲಾಬಿ ತಗೊಳ್ಳಿ ಅಂತ ನಾನೇ ಹೇಳಿದ್ದೇನೆ." ಅವರು ಹಾಗೆ ಹೇಳಿರಲೇ ಇಲ್ಲ.

ನನ್ನ ಮಗಳು ಅವರನ್ನು ಗುಲಾಬಿ ಅಜ್ಜಿ ಅಂತಾಳೆ, ನಾನೂ ಇಲ್ಲಿ ಹಾಗೇ ಕರೀತೀನಿ. ಎಂಬತ್ತೊಂದು ವರ್ಷ. ಗಂಡ ತೀರಿಕೊಂಡು ಒಂಬತ್ತು ವರ್ಷ, ಮಗ ಬ್ರಿಸ್ಟಲ್‌ನಲ್ಲಿ. ಮಾರನೇ ದಿನದಿಂದ ನಮ್ಮ ಗೇಟಿನ ಮೇಲೆ ಒಂದು ಸಣ್ಣ ಬುಟ್ಟಿ ಬರೋಕೆ ಶುರುವಾಯ್ತು. ಗುಲಾಬಿ, ಲ್ಯಾವೆಂಡರ್, ಹೆಸರು ಗೊತ್ತಿಲ್ಲದ ನೀಲಿ ಹೂವು. ನಮ್ಮ ಮನೆ ಗಣಪತಿ ಆ ಎರಡು ತಿಂಗಳು ಪಕ್ಕಾ ಇಂಗ್ಲಿಷ್ ಗಣಪತಿ. ಅಂದ ಹಾಗೆ, 1968ರ ಥೆಫ್ಟ್ ಆಕ್ಟ್ ಪ್ರಕಾರ ಕಾಡುಗಿಡದ ಹೂವನ್ನು ಮಾರಾಟಕ್ಕಲ್ಲದೆ ಕಿತ್ತರೆ ಅದು ಕಳ್ಳತನ ಅಲ್ಲ. ತೋಟದ ಗುಲಾಬಿಗೆ ಆ ರಿಯಾಯಿತಿ ಇಲ್ಲ. ಇದನ್ನು ಅಪ್ಪನಿಗೆ ಓದಿ ಹೇಳಿದೆ. "ನಮ್ಮೂರಲ್ಲಿ ಇಂಥ ಆಕ್ಟ್ ಬಂದ್ರೆ ಅರ್ಧ ಕುವೆಂಪುನಗರ ಜೈಲಿಗೆ" ಅಂದರು.

ನಕ್ಕೆವು. ಆದರೂ ಆ ಫೋಟೋ ಮನಸ್ಸಿನಿಂದ ಹೋಗಲಿಲ್ಲ. ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ನಾಯಿ ಹಿಡಿದುಕೊಂಡು ಟೋಪಿ ಹಾಕಿ ನಡೆಯುವವರು ಮೂವರಾದರೂ ಇದ್ದಾರೆ. ಅವರ ಫೋಟೋ ಯಾರೂ ತೆಗೆಯಲ್ಲ. ಫೋಟೋ ತೆಗೆದವರು ಆಮೇಲೆ ಮನೆಗೆ ಬಂದು ಕೇಕ್ ಕೊಟ್ಟು ಹೋದರು, ಅಪ್ಪ ಅವರಿಗೆ ಕೋಡುಬಳೆ ಕೊಟ್ಟು ಕಳಿಸಿದರು. ಮುಖ ಪರಿಚಯ ಆದಮೇಲೆ ನೋಡುವ ಕಣ್ಣು ಬದಲಾಗುತ್ತೆ, ನಿಜ. ಆದರೆ ಪರಿಚಯ ಆಗುವವರೆಗೆ ಕಾಯಬೇಕಾದವರು ಯಾವಾಗಲೂ ನಮ್ಮಂಥವರೇ. ಹಳ್ಳಿಗೆ ಮನೆ ಮಾಡುವವರು ಇದನ್ನೂ ಲೆಕ್ಕಕ್ಕೆ ತಗೋಬೇಕು. ಆ ನಕ್ಷೆಯಲ್ಲಿ ಇದಕ್ಕೆ ಚುಕ್ಕೆ ಇಲ್ಲ.

ಜುಲೈನಲ್ಲಿ ಒಂದು ದಿನ ಬುಟ್ಟಿ ಬರಲಿಲ್ಲ. ಮಾರನೇ ದಿನವೂ ಇಲ್ಲ. ಅಪ್ಪ ತಿಂಡಿಗೆ ಕೂತವರು ಎದ್ದರು. "ಆಕೆ ಮನೆ ಪರದೆ ಇನ್ನೂ ತೆಗೆದಿಲ್ಲ. ಬಾ, ನೋಡ್ಕೊಂಡು ಬರೋಣ." ಅಜ್ಜಿ ಬಾಗಿಲು ತೆಗೆದರು. ಎಲ್ಲ ಸರಿ ಇದೆ, ಸ್ವಲ್ಪ ಸುಸ್ತು, ಅಂದರು. ಟೀ ಮಾಡಿದರು. ನಾವೂ ಹೊರಡಲಿಲ್ಲ, ಅವರೂ ಹೊರಡಿ ಅನ್ನಲಿಲ್ಲ. ಎರಡನೇ ಕಪ್ ಆದಮೇಲೆ ಅಪ್ಪನ ಕಡೆ ತಿರುಗಿ ಕೇಳಿದರು. "ನೀವು ಬ್ಯಾಂಕಿನಲ್ಲಿ ಇದ್ದವರಲ್ವಾ? ಬ್ಯಾಂಕಿನವರು ದುಡ್ಡು ಕಾಪಾಡೋಕೆ ಅಂತ ಬೇರೆ ಸೇಫ್ ಅಕೌಂಟ್ ಕೊಡೋದು ಇದೆಯಾ?"

ಅಪ್ಪ ಕಪ್ ಕೆಳಗಿಟ್ಟರು. "ಮೂವತ್ತೇಳು ವರ್ಷ ಇದ್ದೆ. ಅಂಥ ಅಕೌಂಟ್ ಒಂದೂ ನೋಡಿಲ್ಲ."

ಆಗಿದ್ದು ಇಷ್ಟು. ಬ್ಯಾಂಕಿನ ವಂಚನೆ ತಡೆ ವಿಭಾಗದಿಂದ ಅಂತ ಒಬ್ಬ ಫೋನ್ ಮಾಡಿದ. ನಿಮ್ಮ ಖಾತೆಗೆ ಯಾರೋ ಕೈ ಹಾಕಿದ್ದಾರೆ, ಒಳಗಿನ ಸಿಬ್ಬಂದಿಯೇ ಇರಬಹುದು, ಯಾರಿಗೂ ಹೇಳಬೇಡಿ, ಈಗಲೇ ಹಣವನ್ನು ಈ ಖಾತೆಗೆ ಹಾಕಿ ಅಂದ. ಒಂದೂವರೆ ಗಂಟೆ ಮಾತಾಡಿದ. ಅಜ್ಜಿ ಮನೆಯ ಚಾವಣಿ ರಿಪೇರಿಗೆ ಅಂತ ಇಟ್ಟಿದ್ದ 7,400 ಪೌಂಡ್ ಹಾಕಿದರು. ಮನೆಯ ಬಾಗಿಲು ಮುಚ್ಚಿತ್ತು, ಬೀಗ ಗಟ್ಟಿಯಾಗಿತ್ತು, ಎದುರು ಮನೆಯವರು ಕಿಟಕಿಯಲ್ಲೇ ಇದ್ದರು. ಯಾರ ಕಣ್ಣಿಗೂ ಏನೂ ಬೀಳಲಿಲ್ಲ.

ಮಗನಿಗೆ ಹೇಳಿದ್ದೀರಾ ಅಂದೆ. ಬೇಡವೇ ಬೇಡ ಅಂದರು. "ಅವನಿಗೆ ಗೊತ್ತಾದರೆ ನನಗೆ ವಯಸ್ಸಾಯ್ತು ಅಂತ ಈ ಮನೆ ಮಾರಿಸ್ತಾನೆ." ಅವರ ನಡುಕ ದುಡ್ಡಿನದಾಗಿರಲಿಲ್ಲ ಅಂತ ಆಗ ಅರ್ಥ ಆಯ್ತು. ಆಮೇಲೆ ನನ್ನ ಮುಖ ನೋಡದೆ ಇನ್ನೊಂದು ಮಾತು ಹೇಳಿದರು. "ನಿನಗೆ ಹೇಳೋಕೂ ಹಿಂಜರಿಕೆ ಆಯ್ತು. ಅವನ ದನಿ ನಿನ್ನ ಗಂಡನ ದನಿ ಥರಾನೇ ಇತ್ತು. ಅಷ್ಟೇ ತಾಳ್ಮೆ. ನನ್ನ ಕಣ್ಣಿನ ಆಪರೇಷನ್ ಮಾಡಿದ ಡಾಕ್ಟರೂ ಹಾಗೇ ಮಾತಾಡ್ತಿದ್ದರು. ಅದಕ್ಕೇ ನಂಬಿದೆ."

ಅದನ್ನು ಕೇಳಿ ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮ ದನಿ ಕೇಳಿ ಈ ದೇಶದಲ್ಲಿ ಜನ ಅನುಮಾನ ಪಡೋದನ್ನು ನೋಡಿದ್ದೇನೆ. ನಮ್ಮ ದನಿ ಅಂತ ನಂಬಿ ಒಬ್ಬರು ಮೋಸ ಹೋಗಿದ್ದನ್ನು ಕೇಳಿದ್ದು ಅದೇ ಮೊದಲು. ಐವತ್ತು ಅರವತ್ತು ವರ್ಷದಿಂದ ಇಲ್ಲಿನ ಆಸ್ಪತ್ರೆಗಳಲ್ಲಿ, ಔಷಧಿ ಅಂಗಡಿಗಳಲ್ಲಿ ನಮ್ಮವರು ರಾತ್ರಿ ಹಗಲು ದುಡಿದು ಸಂಪಾದಿಸಿದ ನಂಬಿಕೆ ಅದು. ಆ ಮನುಷ್ಯ ಕದ್ದಿದ್ದು ಅಜ್ಜಿಯ ಚಾವಣಿಯ ದುಡ್ಡು ಮಾತ್ರ ಅಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಬ್ಯಾಂಕಿನ ಇಂಗ್ಲಿಷಿನಲ್ಲಿ, ನಿಧಾನವಾಗಿ, ನನಗೇ ಗೊತ್ತಿಲ್ಲದ ಒಂದು ವಿಷಯ ಹೇಳಿದರು. ಬೆಂಗಳೂರಿನ ನನ್ನ ಚಿಕ್ಕಪ್ಪನಿಗೆ ಪೊಲೀಸ್ ವೇಷದವರು ವಿಡಿಯೋ ಕಾಲ್ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಅಂತ ಎರಡು ದಿನ ಕ್ಯಾಮೆರಾ ಮುಂದೆ ಕೂರಿಸಿ, ಎಫ್‌ಡಿ ಮುರಿಸಿ ದುಡ್ಡು ಹಾಕಿಸಿಕೊಂಡಿದ್ದರಂತೆ. ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಿನಲ್ಲೇ ಇಲ್ಲ ಅಂತ ಭಾರತದ ಪ್ರಧಾನಿಯೇ 2024ರ ಅಕ್ಟೋಬರ್‌ನಲ್ಲಿ ರೇಡಿಯೋದಲ್ಲಿ ಎಚ್ಚರಿಸಿದ್ದರು. ಚಿಕ್ಕಪ್ಪ ನಿವೃತ್ತ ಎಂಜಿನಿಯರ್, ದಿನಾ ಎರಡು ಪೇಪರ್ ಓದುವವರು. "ನನ್ನ ತಮ್ಮ ಒಂದು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದ್ರೆ ಮಕ್ಕಳು ಎಟಿಎಂ ಕಾರ್ಡ್ ಇಸ್ಕೋತಾರೆ ಅಂತ ಹೆದರಿದ್ದ. ಆ ಒಂದು ವರ್ಷದಲ್ಲಿ ಅವನು ಹತ್ತು ವರ್ಷ ಮುದುಕ ಆದ. ದುಡ್ಡಿಗಿಂತ ಅದು ದೊಡ್ಡ ನಷ್ಟ, ಮೇಡಂ."

ಅಜ್ಜಿ ಅತ್ತರು. ಆಮೇಲೆ ಫೋನ್ ಎತ್ತಿಕೊಂಡರು.

ಇಲ್ಲಿರುವವರೆಲ್ಲ ಬರೆದಿಟ್ಟುಕೊಳ್ಳಬೇಕಾದ ವಿವರ ಇದು. 159 ಅನ್ನೋದು 2021ರಲ್ಲಿ ಶುರುವಾದ ನಂಬರ್. ಅದಕ್ಕೆ ಫೋನ್ ಮಾಡಿದರೆ ಬಹುತೇಕ ದೊಡ್ಡ ಬ್ಯಾಂಕುಗಳಿಗೆ ನೇರವಾಗಿ ತಲುಪಬಹುದು. ಬ್ಯಾಂಕಿನಿಂದ ಅಂತ ಯಾರೇ ಫೋನ್ ಮಾಡಿದರೂ ಇಟ್ಟುಬಿಟ್ಟು 159ಕ್ಕೆ ಮಾಡಿ. ಅನುಮಾನದ ಎಸ್‌ಎಂಎಸ್ ಬಂದರೆ 7726ಕ್ಕೆ ಕಳಿಸಿ. 2024ರ ಅಕ್ಟೋಬರ್ 7ರಿಂದ ಇನ್ನೊಂದು ನಿಯಮ ಬಂದಿದೆ. ಹೀಗೆ ಮೋಸ ಹೋಗಿ ನಾವೇ ದೇಶದೊಳಗಿನ ಖಾತೆಗೆ ಹಣ ಕಳಿಸಿದ್ದರೂ, ಕೆಲವು ಷರತ್ತುಗಳ ಮೇಲೆ 85,000 ಪೌಂಡಿನವರೆಗೆ ಬ್ಯಾಂಕುಗಳು ವಾಪಸ್ ಕೊಡಬೇಕು. ಹದಿಮೂರು ತಿಂಗಳೊಳಗೆ ಹೇಳಬೇಕು ಅಷ್ಟೇ. ಅಜ್ಜಿ ಅವತ್ತೇ ಹೇಳಿದರು. ಕೆಲವು ವಾರದಲ್ಲಿ ದುಡ್ಡು ಬಂತು. ನಾಚಿಕೆ ಪಟ್ಟುಕೊಂಡು ಸುಮ್ಮನಿದ್ದಿದ್ದರೆ ಬರ್ತಿರಲಿಲ್ಲ. ಭಾರತದಲ್ಲಿರುವ ನಿಮ್ಮವರಿಗೆ ಸೈಬರ್ ವಂಚನೆಯ ಸಹಾಯವಾಣಿ 1930. ಅಲ್ಲಿ ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಆ ತಿಂಗಳಿನ ಅಪರಾಧದ ನಕ್ಷೆ ಬಂದಾಗ ನೋಡಿದೆ. ನಮ್ಮ ಹಳ್ಳಿಯ ಮೇಲೆ ಒಂದೂ ಚುಕ್ಕೆ ಇರಲಿಲ್ಲ. ಇದರಲ್ಲಿ ಯಾರ ಮೋಸವೂ ಇಲ್ಲ. ವಂಚನೆಯ ದೂರುಗಳು ಊರಿನ ಪೊಲೀಸರ ಬದಲು ಒಂದು ರಾಷ್ಟ್ರೀಯ ಕೇಂದ್ರಕ್ಕೆ ಹೋಗ್ತವೆ, ಹಾಗಾಗಿ ಬೀದಿಯ ನಕ್ಷೆಗೆ ಅವು ಬರೋದೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆ ಮನೆಗೆ ಹೋಗಿ ಜನರನ್ನೇ ಕೇಳಿ ನಡೆಸುವ ಒಂದು ಅಪರಾಧ ಸಮೀಕ್ಷೆ 1982ರಿಂದ ಇದೆ. ಅದರ ಪ್ರಕಾರ ಕಳ್ಳತನ, ಹಲ್ಲೆಯಂಥ ಹಳೇ ಅಪರಾಧಗಳು 1995ರ ಸುಮಾರಿಗೆ ತುದಿಗೇರಿ, ಅಲ್ಲಿಂದ ಈಚೆಗೆ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಇಳಿದಿವೆ. ಇವತ್ತು ಅದೇ ಸಮೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಅಪರಾಧ ವಂಚನೆಯವು. ಕಳ್ಳ ಈಗ ಕಿಟಕಿ ಒಡೆಯೋದು ಕಡಿಮೆ. ಫೋನ್ ಮಾಡ್ತಾನೆ. ಅವನಿಗೆ ಬರ್ಮಿಂಗ್‌ಹ್ಯಾಮ್ ಆದರೂ ಒಂದೇ, ನಮ್ಮ ಹಳ್ಳಿ ಆದರೂ ಒಂದೇ, ಬೆಂಗಳೂರಾದರೂ ಒಂದೇ. ಮನೆಯಲ್ಲಿ ಒಬ್ಬರೇ ಇರುವವರು ಯಾರು, ಅವರನ್ನು ಕೇಳೋರು ಯಾರೂ ಇಲ್ಲದ ಹೊತ್ತು ಯಾವುದು, ಅಷ್ಟೇ ಅವನಿಗೆ ಬೇಕು.

ಹಾಗಾಗಿ ಈಗ ಯಾರಾದರೂ "ನಿಮ್ಮ ಹಳ್ಳಿ ಸೇಫಾ?" ಅಂತ ಕೇಳಿದರೆ, ಹೌದು ಅಂತೀನಿ. ಜೊತೆಗೆ ಅಪ್ಪನ ಬುಟ್ಟಿಯ ಲೆಕ್ಕವನ್ನೂ ಹೇಳ್ತೀನಿ. ಹೊಸಬರನ್ನು ನೋಡಿ ಫೋಟೋ ತೆಗೆಯೋದೂ ಕಾಯೋದೇ, ಎರಡು ದಿನ ಪರದೆ ತೆಗೆಯದ ಮನೆಯ ಬಾಗಿಲು ತಟ್ಟೋದೂ ಕಾಯೋದೇ. ಎರಡನೆಯದು ಹೆಚ್ಚಾಗಿರುವ ಊರು ನೋಡಿ ಮನೆ ಮಾಡಿ. ಅದು ಯಾವ ನಕ್ಷೆಯಲ್ಲೂ ಸಿಗಲ್ಲ. ವಿಲೇಜ್ ಹಾಲಿನಲ್ಲಿ ಒಂದು ಶನಿವಾರ ಕಾಫಿ ಕುಡಿದು ಬಂದರೆ ಸ್ವಲ್ಪ ಗೊತ್ತಾಗುತ್ತೆ.

ಗುಲಾಬಿ ಅಜ್ಜಿ ಅಕ್ಟೋಬರ್‌ನಲ್ಲಿ ಅದೇ ಹಾಲಿನಲ್ಲಿ ಎದ್ದು ನಿಂತು ತಮಗಾದದ್ದನ್ನು ಹೇಳಿದರು. ಮಗನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಮನೆ ಮಾರುವ ಮಾತು ಬಂದಿಲ್ಲ. ಕಾಫಿ ಹೊತ್ತಿಗೆ ಇಬ್ಬರು ಅವರ ಹತ್ತಿರ ಬಂದು, ದನಿ ತಗ್ಗಿಸಿ, "ನನಗೂ ಹಾಗೇ ಆಗಿತ್ತು" ಅಂದರಂತೆ. ಅದರಲ್ಲಿ ಒಬ್ಬರು ಅಪ್ಪನ ಫೋಟೋ ತೆಗೆದವರು.

ಕಾರಿನಲ್ಲಿ ಇದನ್ನು ಕೇಳ್ತಿರುವವರೂ, ಓದ್ತಿರುವವರೂ ಒಂದು ಕೆಲಸ ಮಾಡಿ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ, ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳಿದ ಮೇಲೆ, ಇದನ್ನೂ ಕೇಳಿ: "ಗೊತ್ತಿಲ್ಲದವರು ಯಾರಾದರೂ ಫೋನ್ ಮಾಡಿ ಹೆದರಿಸಿದ್ರಾ? ದುಡ್ಡು ಹೋಗಿದ್ರೂ ಪರವಾಗಿಲ್ಲ. ನಾನು ಬೈಯಲ್ಲ, ನಿಮ್ಮ ಕಾರ್ಡೂ ಇಸ್ಕೊಳ್ಳಲ್ಲ. ನಂಗೆ ಹೇಳಿ." ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಆ ಕಡೆಯಿಂದ ಉತ್ತರ ಬರೋಕೆ ಸಮಯ ಹಿಡಿಯಬಹುದು.